ರಾಜನ ಮಗನಿಗೆ ಮೂರನೇ ಸಾಲು, ತಮ್ಮನಿಗೆ ಮೊದಲ ಸಾಲು: ಏಕೆ?

ಪ್ರಶ್ನೆ: 2023ರಲ್ಲಿ ಬ್ರಿಟನ್ನಿನ ಮೂರನೇ ಚಾರ್ಲ್ಸ್ ಅವರ ಪಟ್ಟಾಭಿಷೇಕವನ್ನು ಮನೆಮಂದಿಯೆಲ್ಲ ಟಿ.ವಿ.ಯಲ್ಲಿ ನೋಡಿದೆವು. ರಾಜನ ಸ್ವಂತ ಮಗ ಹ್ಯಾರಿ ಮೂರನೇ ಸಾಲಿನಲ್ಲಿ ಕುಳಿತಿದ್ದರು. ರಾಜನ ತಮ್ಮ ಎಡ್ವರ್ಡ್ ಮತ್ತು ಅವರ ಮಕ್ಕಳು ಮೊದಲ ಸಾಲಿನಲ್ಲಿದ್ದರು. ಹ್ಯಾರಿ ಸಿಂಹಾಸನಕ್ಕೆ ಐದನೇ ವಾರಸುದಾರ ಎಂದು ಪತ್ರಿಕೆಗಳಲ್ಲಿ ಓದಿದ ನೆನಪು. ಹಾಗಾದರೆ ಆ ಮನೆತನದಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಬರೆದಿಟ್ಟ ನಿಯಮ ಇಲ್ಲವೇ? ಸೊಸೆಯಂದಿರಿಗೂ ಮನೆಮಗಳಿಗೂ ನಡುವೆ ಯಾರ ಸ್ಥಾನ ದೊಡ್ಡದು? ಹ್ಯಾರಿಯ ಅಣ್ಣ ವಿಲಿಯಂ ರಾಜನಾದಾಗ ಹ್ಯಾರಿಯ ಸ್ಥಾನ ಏನಾಗುತ್ತದೆ?

ಉತ್ತರ: ನಿಯಮ ಇದೆ. ಆದರೆ ನೀವು ಓದಿದ ‘ಐದನೇ ವಾರಸುದಾರ’ ಎಂಬ ಲೆಕ್ಕಕ್ಕೂ ಕುರ್ಚಿಗೂ ಸಂಬಂಧವಿಲ್ಲ. ನಮ್ಮ ಪತ್ರಿಕೆಗಳು ಮಾತ್ರವಲ್ಲ, ಲಂಡನ್ನಿನ ಪತ್ರಿಕೆಗಳೂ ಈ ಎರಡನ್ನು ಬೆರೆಸಿಬಿಡುತ್ತವೆ. ಸಿಂಹಾಸನ ಮುಂದೆ ಯಾರಿಗೆ ಎಂಬುದನ್ನು ನಿರ್ಧರಿಸುವುದು ಸಂಸತ್ತಿನ ಕಾನೂನು. ಸಭೆಯಲ್ಲಿ ಕುರ್ಚಿ ಎಲ್ಲಿ ಎಂಬುದನ್ನು ನಿರ್ಧರಿಸುವುದು ಆಳುವ ರಾಜನ ಮಾತು. ಮೊದಲನೆಯದನ್ನು ಬದಲಿಸಲು ರಾಜನಿಗೂ ಅಧಿಕಾರವಿಲ್ಲ. ಎರಡನೆಯದನ್ನು ಅವನು ಒಂದು ಸಹಿಯಿಂದ ಬದಲಿಸಬಹುದು, ಒಂದು ದಿನದ ಮಟ್ಟಿಗೆ ಸಹಿಯೂ ಇಲ್ಲದೆ ಬದಲಿಸಬಹುದು. ಈ ವ್ಯತ್ಯಾಸವನ್ನು ಹಿಡಿದುಕೊಂಡರೆ ಆ ಕುಟುಂಬದಲ್ಲಿ ಇನ್ನೂರು ವರ್ಷಗಳಿಂದ ನಡೆದಿರುವ ಕುರ್ಚಿ ಜಗಳಗಳೆಲ್ಲ ಅರ್ಥವಾಗುತ್ತವೆ.

ಮೊದಲು ವಾರಸುದಾರಿಕೆಯನ್ನು ಬೇಗ ಮುಗಿಸಿಬಿಡುತ್ತೇನೆ. ಅದರ ತಳಹದಿ 1701ರ ಕಾಯ್ದೆ. ಗಂಡುಮಕ್ಕಳು ವಯಸ್ಸಿನಲ್ಲಿ ಚಿಕ್ಕವರಾದರೂ ಅಕ್ಕಂದಿರನ್ನು ದಾಟಿ ಮುಂದೆ ಹೋಗುವ ಹಳೆಯ ಪದ್ಧತಿಯನ್ನು 2013ರ ಕಾಯ್ದೆ ತೆಗೆದುಹಾಕಿತು. ಆದರೆ ಅದು ಅನ್ವಯಿಸುವುದು 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಿಗೆ ಮಾತ್ರ. ಆದ್ದರಿಂದ ವಿಲಿಯಂ ಅವರ ಮಗಳು, 2015ರಲ್ಲಿ ಹುಟ್ಟಿದ ಷಾರ್ಲೆಟ್‌ಳನ್ನು 2018ರಲ್ಲಿ ಹುಟ್ಟಿದ ತಮ್ಮ ಲೂಯಿ ಹಿಂದಿಕ್ಕಲಾರ. ಚಾರ್ಲ್ಸ್ ಅವರ ತಾಯಿ ಎಲಿಜಬೆತ್ ರಾಣಿಯ ಎರಡನೇ ಮಗು ಆ್ಯನ್ ಅವರಿಗೆ ಈ ನ್ಯಾಯ ದಕ್ಕಲಿಲ್ಲ. ಇಬ್ಬರು ತಮ್ಮಂದಿರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳೆಲ್ಲ ಮುಗಿದ ಮೇಲೆಯೇ ಅವರ ಸರದಿ. ತಾಯಿ ತೀರಿಕೊಂಡ 2022ರ ಸೆಪ್ಟೆಂಬರ್‌ನಲ್ಲಿ ಅವರು 16ನೆಯವರಾಗಿದ್ದರು. ಈ ಸಂಖ್ಯೆಯನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಸಭಾಮರ್ಯಾದೆಯ ಕ್ರಮ. ಇದರಲ್ಲಿ ಗಂಡಸರಿಗೆ ಒಂದು ಪಟ್ಟಿ, ಹೆಂಗಸರಿಗೆ ಇನ್ನೊಂದು. ಇಂಗ್ಲೆಂಡಿನದೇ ಬೇರೆ, ಸ್ಕಾಟ್ಲೆಂಡಿನದೇ ಬೇರೆ. ಗಂಡಸರ ಪಟ್ಟಿಯ ಸಾಂಪ್ರದಾಯಿಕ ಅನುಕ್ರಮ ಹೀಗಿದೆ: ಆಳುವವರು, ಅವರ ಹಿರಿಯ ಮಗ, ಕಿರಿಯ ಮಕ್ಕಳು, ಮೊಮ್ಮಕ್ಕಳು, ಆಮೇಲೆ ಸೋದರರು, ಚಿಕ್ಕಪ್ಪ ದೊಡ್ಡಪ್ಪಂದಿರು, ಸೋದರರ ಮಕ್ಕಳು, ಕೊನೆಗೆ ದಾಯಾದಿ ಸೋದರರು. ಇವರೆಲ್ಲ ಮುಗಿದ ಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬರುತ್ತಾರೆ. ಇಲ್ಲಿ ಅಳತೆಗೋಲು ಒಂದೇ: ಇಂದು ಸಿಂಹಾಸನದ ಮೇಲಿರುವ ವ್ಯಕ್ತಿಗೆ ನೀವು ಏನಾಗಬೇಕು? ಸಿಂಹಾಸನದ ಮೇಲಿನ ವ್ಯಕ್ತಿ ಬದಲಾದ ಗಳಿಗೆಯಲ್ಲೇ ಪಟ್ಟಿಯೂ ಬದಲಾಗುತ್ತದೆ.

ಎಲಿಜಬೆತ್ ತೀರಿಕೊಂಡ ದಿನ, 2022ರ ಸೆಪ್ಟೆಂಬರ್ 8ರ ಬೆಳಿಗ್ಗೆ, ಆ್ಯಂಡ್ರೂ ಮತ್ತು ಎಡ್ವರ್ಡ್ ಆಳುವವರ ಮಕ್ಕಳು, ಹ್ಯಾರಿ ಮೊಮ್ಮಗ. ಅಂದು ಸಂಜೆಗೆ ಹ್ಯಾರಿ ಆಳುವವರ ಮಗ. ಆ್ಯಂಡ್ರೂ ಮತ್ತು ಎಡ್ವರ್ಡ್ ಬರಿಯ ತಮ್ಮಂದಿರು. ಅಂದರೆ ಕಾಗದದ ಮೇಲೆ ಹ್ಯಾರಿ ತಮ್ಮ ಇಬ್ಬರು ಚಿಕ್ಕಪ್ಪಂದಿರನ್ನು ದಾಟಿ ಮುಂದೆ ಬಂದರು. ನಿಮ್ಮ ಪ್ರಶ್ನೆ ಇದರಿಂದ ಇನ್ನಷ್ಟು ಹರಿತವಾಗುತ್ತದೆ. ಕಾಗದದ ಮೇಲೆ ಅಷ್ಟು ಮುಂದಿದ್ದವರು ಎಂಟು ತಿಂಗಳ ಬಳಿಕ ಮೂರನೇ ಸಾಲಿಗೆ ಹೋದದ್ದು ಹೇಗೆ?

ಅದಕ್ಕೆ ಆ ಕಾಗದದ ಬೆಲೆ ಎಷ್ಟು ಎಂದು ತಿಳಿಯಬೇಕು. ಇಡೀ ಕ್ರಮದಲ್ಲಿ ಸಂಸತ್ತು ಕಾನೂನು ಮಾಡಿರುವ ಭಾಗ ಬಹಳ ಸಣ್ಣದು. ಎಂಟನೇ ಹೆನ್ರಿ 1539ರಲ್ಲಿ ಮಾಡಿಸಿದ ಒಂದು ಕಾಯ್ದೆ ಪಾರ್ಲಿಮೆಂಟಿನ ಸಭೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂದು ಹೇಳುತ್ತದೆ. ರಾಜನ ಆಸನದ ಮೇಲಿನ ಮೇಲುಕಟ್ಟಿನ ಪಕ್ಕದಲ್ಲಿ ರಾಜನ ಮಕ್ಕಳಲ್ಲದೆ ಬೇರೆ ಯಾರೂ ಕೂರಕೂಡದು ಎಂಬುದು ಅದರ ಒಂದು ವಿಧಿ. ಆ ಕಾಯ್ದೆಯ ಒಳಗುಟ್ಟು ಇನ್ನೊಂದು. ಹೆನ್ರಿಯ ಆಪ್ತ ಥಾಮಸ್ ಕ್ರಾಮ್ವೆಲ್ ಸಾಮಾನ್ಯ ಮನೆಯಲ್ಲಿ ಹುಟ್ಟಿದವನು. ಧರ್ಮವಿಷಯಗಳಲ್ಲಿ ರಾಜನ ಪ್ರತಿನಿಧಿ ಎಂಬ ಹುದ್ದೆಯ ಬಲದಿಂದ ಅವನನ್ನು ಆರ್ಚ್‌ಬಿಷಪ್ಪನಿಗಿಂತ ಮೇಲೆ ಕೂರಿಸಲು ಆ ಕಾಯ್ದೆ ಅನುವು ಮಾಡಿಕೊಟ್ಟಿತು. ಮರುವರ್ಷ ಅದೇ ರಾಜ ಅವನ ತಲೆ ತೆಗೆಸಿದ. ಆಸನ ಕೊಡುವುದೂ ಕಸಿಯುವುದೂ ರಾಜನ ಮರ್ಜಿ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ನಿದರ್ಶನ ಬೇಕಿಲ್ಲ. ಪಾರ್ಲಿಮೆಂಟಿನ ಸಭಾಂಗಣದ ಹೊರಗೆ, ಅಂದರೆ ಚರ್ಚಿನಲ್ಲಿ, ಅರಮನೆಯಲ್ಲಿ, ಔತಣದಲ್ಲಿ, ಮೆರವಣಿಗೆಯಲ್ಲಿ, ಎಲ್ಲವೂ ರೂಢಿ ಮತ್ತು ರಾಜಾಜ್ಞೆಗಳ ಮೇಲೆ ನಿಂತಿದೆ.

ಈ ಮಾತು ಸ್ಪಷ್ಟವಾದದ್ದು 1840ರಲ್ಲಿ, ವಿಕ್ಟೋರಿಯಾ ರಾಣಿಯ ಮದುವೆಯ ಹೊತ್ತಿನಲ್ಲಿ. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಕರಣ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರಾಜನ ಹೆಂಡತಿಗೆ ರಾಣಿಯ ಸ್ಥಾನ ತಾನಾಗಿ ಬರುತ್ತದೆ. ಆಳುವ ರಾಣಿಯ ಗಂಡನಿಗೆ ಏನೂ ಬರುವುದಿಲ್ಲ. ಜರ್ಮನಿಯ ಪುಟ್ಟ ಸಂಸ್ಥಾನವೊಂದರ ಕಿರಿಯ ಮಗ ಆಲ್ಬರ್ಟ್‌ಗೆ ತನ್ನ ನಂತರದ ಸ್ಥಾನ ಸಿಗಬೇಕೆಂದು ವಿಕ್ಟೋರಿಯಾ ಹಟ ಹಿಡಿದಳು. ಆಲ್ಬರ್ಟ್‌ಗೆ ಬ್ರಿಟಿಷ್ ಪೌರತ್ವ ಕೊಡುವ ಮಸೂದೆಯಲ್ಲಿಯೇ ಈ ಅಂಶವನ್ನೂ ಸೇರಿಸಲಾಯಿತು. ಮೇಲ್ಮನೆಯಲ್ಲಿ ವಿರೋಧ ಎದ್ದಿತು. ವಿಕ್ಟೋರಿಯಾಳ ಚಿಕ್ಕಪ್ಪ ಅರ್ನೆಸ್ಟ್ ಅಗಸ್ಟಸ್ ಆಗ ಹ್ಯಾನೋವರಿನ ರಾಜ. ವಿಕ್ಟೋರಿಯಾಗೆ ಮಕ್ಕಳಾಗುವವರೆಗೆ ಬ್ರಿಟನ್ನಿನ ಸಿಂಹಾಸನಕ್ಕೂ ಅವನೇ ಮುಂದಿನ ವಾರಸುದಾರ. ನಿನ್ನೆ ಮೊನ್ನೆ ಬಂದ ಅಳಿಯನ ಹಿಂದೆ ನಾನು ನಡೆಯಲಾರೆ ಎಂಬುದು ಅವನ ನಿಲುವು. ಹುಟ್ಟಲಿರುವ ಯುವರಾಜನಿಗಿಂತಲೂ ಆಲ್ಬರ್ಟ್ ಮೇಲಾಗಬೇಕೇ ಎಂಬ ಪ್ರಶ್ನೆಯೂ ಬಂತು. ಕೊನೆಗೆ ಸರ್ಕಾರ ಆ ಅಂಶವನ್ನು ಮಸೂದೆಯಿಂದ ಕೈಬಿಟ್ಟಿತು. ರಾಣಿ ಕೆಂಡಾಮಂಡಲವಾದಳು.

ಬಿಕ್ಕಟ್ಟು ಬಿಡಿಸಿದವನು ರಾಣಿಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲಿನ ಗುಮಾಸ್ತ ಚಾರ್ಲ್ಸ್ ಗ್ರೆವಿಲ್. ಹಳೆಯ ದಾಖಲೆಗಳನ್ನು ಜಾಲಾಡಿದ ಅವನು ಕಿರುಹೊತ್ತಿಗೆಯೊಂದನ್ನು ಬರೆದು ತೋರಿಸಿದ್ದು ಇಷ್ಟೇ: ಪಾರ್ಲಿಮೆಂಟು ಮತ್ತು ಪ್ರಿವಿ ಕೌನ್ಸಿಲಿನ ಸಭೆಗಳನ್ನು ಬಿಟ್ಟರೆ ಬೇರೆಲ್ಲ ಕಡೆ ಯಾರಿಗೆ ಯಾವ ಸ್ಥಾನ ಕೊಡಬೇಕು ಎಂಬುದು ರಾಣಿಯ ವಿಶೇಷಾಧಿಕಾರ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಫೆಬ್ರವರಿಯಲ್ಲಿ ಮದುವೆಯಾಯಿತು. ಮಾರ್ಚ್‌ನಲ್ಲಿ ವಿಕ್ಟೋರಿಯಾ ಆಜ್ಞೆ ಹೊರಡಿಸಿ, ಪಾರ್ಲಿಮೆಂಟಿನ ಕಾಯ್ದೆಯಲ್ಲಿ ಬೇರೆ ಹೇಳಿರುವ ಸಂದರ್ಭಗಳನ್ನು ಹೊರತುಪಡಿಸಿ ಎಲ್ಲೆಡೆಯೂ ಗಂಡನಿಗೆ ತನ್ನ ನಂತರದ ಸ್ಥಾನ ಕೊಟ್ಟಳು.

ಆಜ್ಞೆಯಿಂದ ಜಗಳವೇನೂ ನಿಲ್ಲಲಿಲ್ಲ. 1843ರಲ್ಲಿ ಕುಟುಂಬದ ಇನ್ನೊಂದು ಮದುವೆ ನಡೆಯಿತು. ಹ್ಯಾನೋವರಿನ ರಾಜ ಅದಕ್ಕೆ ಬಂದಿದ್ದ. ಪೂಜಾವೇದಿಯ ಬಳಿ ರಾಣಿಯ ಪಕ್ಕದ ಜಾಗ ತನ್ನದು, ರಾಣಿಯ ಕೈಹಿಡಿದು ಕರೆದೊಯ್ಯುವುದೂ ತನ್ನ ಹಕ್ಕು ಎಂದು ಪಟ್ಟು ಹಿಡಿದ. ಮುಂದೆ ಆದದ್ದನ್ನು ಆಲ್ಬರ್ಟ್ ತನ್ನ ಅಣ್ಣನಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ: ಜೋರಾಗಿ ತಳ್ಳಿ ಆ ಮುದುಕನನ್ನು ಕೆಲವು ಮೆಟ್ಟಿಲು ಕೆಳಗಿಳಿಸಬೇಕಾಯಿತು, ಆಮೇಲೆ ಅರಮನೆಯ ಅಧಿಕಾರಿ ಅವನನ್ನು ಹೊರಗೆ ಕರೆದೊಯ್ದ. ಮದುವೆಯ ದಾಖಲೆ ಪುಸ್ತಕಕ್ಕೆ ಸಹಿ ಹಾಕುವಾಗ ಎರಡನೇ ಸುತ್ತು. ರಾಣಿಯ ಸಹಿಯ ಜತೆಗೆ ಆಲ್ಬರ್ಟ್‌ನ ಸಹಿ ಬೀಳಬಾರದೆಂದು ಅವನು ಪುಸ್ತಕದ ಮೇಲೆ ಮುಷ್ಟಿ ಊರಿ ನಿಂತ. ವಿಕ್ಟೋರಿಯಾ ಮೇಜಿನ ಸುತ್ತ ಬಂದು ಆಚೆ ಬದಿಯಿಂದ ಪುಸ್ತಕ ತರಿಸಿಕೊಂಡಳು. ಇಬ್ಬರು ಪಟ್ಟಾಭಿಷಿಕ್ತರು ಮತ್ತು ಒಬ್ಬ ರಾಜಕುಮಾರ ದೇವರ ಸನ್ನಿಧಿಯಲ್ಲಿ ಹೀಗೆ ತಳ್ಳಾಡಿದ್ದು ಒಂದು ಮಾರು ಜಾಗಕ್ಕಾಗಿ. ರಾಜಸೂಯದ ಸಭೆಯಲ್ಲಿ ಅಗ್ರಪೂಜೆ ಕೃಷ್ಣನಿಗೆ ಸಂದಾಗ ಶಿಶುಪಾಲ ಸಿಡಿದೆದ್ದ ಪ್ರಸಂಗವನ್ನು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಶಿಶುಪಾಲನ ವಾದವೂ ಇದೇ ತಾನೇ: ವಯಸ್ಸಿನಲ್ಲಿ ಹಿರಿಯರಿದ್ದಾರೆ, ಗುರುಗಳಿದ್ದಾರೆ, ರಾಜರಿದ್ದಾರೆ, ಇವನು ಯಾವ ಲೆಕ್ಕದಲ್ಲಿ ಮೊದಲಿಗ?

1952ರಲ್ಲಿ ಎಲಿಜಬೆತ್ ರಾಣಿಯಾದಾಗ ಅದೇ ಸಮಸ್ಯೆ ಮತ್ತೆ ಬಂತು. ಆದರೆ ಈ ಬಾರಿ ಯಾರೂ ಪಾರ್ಲಿಮೆಂಟಿನ ಬಾಗಿಲು ತಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೊರಟ ಆಜ್ಞೆ, ಆಲ್ಬರ್ಟ್‌ಗೆ ಬಳಸಿದ ಅದೇ ವಿನಾಯಿತಿಯೊಂದಿಗೆ, ಅವರ ಪತಿ ಫಿಲಿಪ್ ಅವರಿಗೆ ರಾಣಿಯ ನಂತರದ ಸ್ಥಾನ ಕೊಟ್ಟಿತು. ಹಾಗಾಗಿ ಬದುಕಿರುವವರೆಗೂ ಅವರು ತಮ್ಮ ಮಗ, ಯುವರಾಜ ಚಾರ್ಲ್ಸ್‌ಗಿಂತ ಮುಂದಿದ್ದರು. ವಾರಸುದಾರಿಕೆಯ ಲೆಕ್ಕ ಹಿಡಿದರೆ ಇದಕ್ಕೆ ಅರ್ಥವೇ ಇಲ್ಲ.

ಈಗ ಸೊಸೆ ಮತ್ತು ಮಗಳ ಪ್ರಶ್ನೆ. ರೂಢಿಯಲ್ಲಿ ಹೆಂಡತಿಗೆ ಗಂಡನ ಸ್ಥಾನ. ಸಿಂಹಾಸನದ ವಾರಸುದಾರನ ಹೆಂಡತಿ ರಾಣಿಯ ನಂತರ ನಿಲ್ಲುತ್ತಾಳೆ; ಮನೆಯಲ್ಲೇ ಹುಟ್ಟಿದ ಮಗಳು ಅವಳ ಹಿಂದೆ. 2005ರಲ್ಲಿ ಚಾರ್ಲ್ಸ್ ಅವರು ಕಮಿಲಾ ಅವರನ್ನು ಮದುವೆಯಾದಾಗ ಈ ಲೆಕ್ಕದಂತೆ ಆ್ಯನ್ ಅವರು ಕಮಿಲಾಗೆ ಮಂಡಿ ಬಾಗಿಸಿ ವಂದಿಸಬೇಕಿತ್ತು. ಆ ವರ್ಷದ ಕೊನೆಯಲ್ಲಿ ಲಂಡನ್ನಿನ ಪತ್ರಿಕೆಗಳು ವರದಿ ಮಾಡಿದಂತೆ, ರಾಣಿ ಅರಮನೆಯ ಒಳಗಿನ ಬಳಕೆಗೆಂದು ಕ್ರಮವನ್ನು ಪರಿಷ್ಕರಿಸಿದರು: ಚಾರ್ಲ್ಸ್ ಜತೆಗಿಲ್ಲದ ಖಾಸಗಿ ಸಂದರ್ಭಗಳಲ್ಲಿ ಮಗಳು ಆ್ಯನ್ ಮತ್ತು ದಾಯಾದಿ ಸೋದರಿ ಅಲೆಕ್ಸಾಂಡ್ರಾ, ಅಂದರೆ ರಕ್ತಸಂಬಂಧದ ರಾಜಕುಮಾರಿಯರು, ಕಮಿಲಾಗಿಂತ ಮುಂದೆ. 2012ರಲ್ಲಿ, ಕೇಟ್ ಸೊಸೆಯಾಗಿ ಬಂದ ಮರುವರ್ಷ, ಅದೇ ತತ್ತ್ವವನ್ನು ಅವರಿಗೂ ವಿಸ್ತರಿಸಲಾಯಿತು ಎಂದು ಪತ್ರಿಕೆಗಳಲ್ಲಿ ಬಂತು. ವಿಲಿಯಂ ಪಕ್ಕದಲ್ಲಿದ್ದರೆ ಒಂದು ಸ್ಥಾನ, ಒಬ್ಬರೇ ಇದ್ದರೆ ಇನ್ನೊಂದು. ಒಬ್ಬರೇ ಇದ್ದಾಗ ಆ್ಯಂಡ್ರೂ ಅವರ ಮಕ್ಕಳಾದ ಬಿಯಾಟ್ರಿಸ್ ಮತ್ತು ಯೂಜಿನಿ ಅವರಿಗೂ ಕೇಟ್ ವಂದಿಸಬೇಕಿತ್ತು.

ಹೊರಗಿನವರಿಗೆ ಇದು ಸಣ್ಣತನದಂತೆ ಕಾಣುತ್ತದೆ. ನನಗೆ ಹಾಗೆನ್ನಿಸುವುದಿಲ್ಲ. ಹುಟ್ಟಿದ ಮನೆಯಲ್ಲೇ ದಶಕಗಳ ಕಾಲ ದುಡಿದ ಮಗಳು, ಬಂದ ದಿನವೇ ಸೊಸೆಯ ಹಿಂದೆ ಸರಿಯಬೇಕೆಂಬ ನಿಯಮದಲ್ಲಿ ಒಂದು ಹಿಂಸೆ ಇದೆ. ಆ ತಾಯಿ ತನ್ನ ಕೈಲಿದ್ದ ಅಧಿಕಾರವನ್ನು ಬಳಸಿ ಮಗಳ ಮಾನ ಉಳಿಸಿದರು ಎಂದೇ ನಾನು ಓದಿಕೊಳ್ಳುತ್ತೇನೆ. 2022ರಿಂದ ಕಮಿಲಾ ರಾಣಿ, ಹೆಂಗಸರ ಪಟ್ಟಿಗೆ ಅವರೇ ಮೊದಲು. ವೇಲ್ಸ್ ರಾಜಕುಮಾರಿಯಾಗಿ ಕೇಟ್ ಎರಡನೆಯವರು.

ಇದೇ ಅಧಿಕಾರ ಬಾಗಿಲು ಮುಚ್ಚುವುದಕ್ಕೂ ಬಳಕೆಯಾಗಿದೆ. 1936ರಲ್ಲಿ ಎಂಟನೇ ಎಡ್ವರ್ಡ್ ಪಟ್ಟ ಬಿಟ್ಟುಕೊಟ್ಟು ವಾಲಿಸ್ ಸಿಂಪ್ಸನ್‌ರನ್ನು ಮದುವೆಯಾಗಲು ಹೊರಟರು. 1937ರ ಮೇ ತಿಂಗಳಲ್ಲಿ, ಮದುವೆಗೆ ಕೆಲವೇ ದಿನ ಮೊದಲು, ತಮ್ಮ ಆರನೇ ಜಾರ್ಜ್ ಆಜ್ಞೆ ಹೊರಡಿಸಿದರು: ‘ರಾಯಲ್ ಹೈನೆಸ್’ ಎಂಬ ಬಿರುದು ಅಣ್ಣನಿಗೆ ಮಾತ್ರ, ಅವರ ಹೆಂಡತಿಗಿಲ್ಲ. ಹೆಂಡತಿಗೆ ಗಂಡನ ಸ್ಥಾನ ಎಂಬ ರೂಢಿಯನ್ನು ಒಬ್ಬ ಹೆಣ್ಣಿಗಾಗಿಯೇ ಮುರಿದದ್ದು ಇದು. ಅದು ನ್ಯಾಯವಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ 1996ರಲ್ಲಿ ಡಯಾನಾ ವಿಚ್ಛೇದನದಲ್ಲಿ ಅದೇ ಬಿರುದನ್ನು ಕಳೆದುಕೊಂಡರೂ, ರಾಷ್ಟ್ರೀಯ ಸಮಾರಂಭಗಳಿಗೆ ಆಹ್ವಾನಿಸಿದಾಗ ಮದುವೆಯ ಕಾಲದಲ್ಲಿದ್ದ ಸ್ಥಾನವೇ ಅವರಿಗೆ ಸಲ್ಲುತ್ತದೆ ಎಂದು ಅರಮನೆ ಪ್ರಕಟಿಸಿತು. ಬಿರುದು ಹೋಯಿತು, ಕುರ್ಚಿ ಉಳಿಯಿತು.

ಹಾಗಾದರೆ ಒಂದು ನಿರ್ದಿಷ್ಟ ದಿನ, ಒಂದು ನಿರ್ದಿಷ್ಟ ಚರ್ಚಿನಲ್ಲಿ ಕುರ್ಚಿಗಳ ಪಟ್ಟಿ ತಯಾರಾಗುವುದು ಎಲ್ಲಿ? ಪಟ್ಟಾಭಿಷೇಕ ಮತ್ತು ರಾಜ್ಯಗೌರವದ ಅಂತ್ಯಕ್ರಿಯೆಯಂಥ ದೊಡ್ಡ ಸಮಾರಂಭಗಳ ಹೊಣೆ ಅರ್ಲ್ ಮಾರ್ಷಲ್‌ರದು; ನಾರ್ಫೋಕ್‌ನ ಡ್ಯೂಕ್ ಮನೆತನಕ್ಕೆ ಇದು ವಂಶಪಾರಂಪರ್ಯವಾಗಿ ಬಂದ ಹುದ್ದೆ. ಅರಮನೆಯ ಉಳಿದ ಸಮಾರಂಭಗಳನ್ನು ಲಾರ್ಡ್ ಚೇಂಬರ್ಲಿನ್‌ರ ಕಚೇರಿ ನೋಡಿಕೊಳ್ಳುತ್ತದೆ. ಅವರು ರೂಢಿಯ ಪಟ್ಟಿಯನ್ನು ಮುಂದಿಟ್ಟುಕೊಂಡು ಕರಡು ಮಾಡುತ್ತಾರೆ. ಅಂತಿಮ ಮಾತು ರಾಜನದು. ಒಳಗೆ ಬರುವ ಸರದಿಯೂ ಇಲ್ಲಿ ಅರ್ಥಪೂರ್ಣ: ಕಿರಿಯರು ಮೊದಲು ಬಂದು ಕೂರುತ್ತಾರೆ, ಅತ್ಯಂತ ಹಿರಿಯರು ಕೊನೆಗೆ ಬರುತ್ತಾರೆ, ಅವರಿಗಾಗಿ ಉಳಿದವರು ಎದ್ದು ನಿಲ್ಲುತ್ತಾರೆ. ಟಿ.ವಿ.ಯಲ್ಲಿ ಮೊದಲು ಕಂಡವರೇ ದೊಡ್ಡವರು ಎಂದು ಎಣಿಸಬೇಡಿ.

ಶವಯಾತ್ರೆಯಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ, ಶವಪೆಟ್ಟಿಗೆಗೆ ಹತ್ತಿರವಿದ್ದವರೇ ಹಿರಿಯರು. 2021ರ ಏಪ್ರಿಲ್ 17ರಂದು ಫಿಲಿಪ್ ಅವರ ಅಂತ್ಯಕ್ರಿಯೆ. ಕೋವಿಡ್ ನಿರ್ಬಂಧದಿಂದಾಗಿ ಮೂವತ್ತೇ ಜನ. ಮೊದಲ ಸಾಲಿನಲ್ಲಿ ಚಾರ್ಲ್ಸ್ ಮತ್ತು ಆ್ಯನ್, ಎರಡನೆಯದರಲ್ಲಿ ಆ್ಯಂಡ್ರೂ ಮತ್ತು ಎಡ್ವರ್ಡ್. ಮೂರನೇ ಸಾಲಿನಲ್ಲಿ ವಿಲಿಯಂ ಮತ್ತು ಹ್ಯಾರಿ, ಅವರ ನಡುವೆ ಆ್ಯನ್ ಅವರ ಮಗ ಪೀಟರ್ ಫಿಲಿಪ್ಸ್. ಪೀಟರ್‌ಗೆ ಯಾವ ಬಿರುದೂ ಇಲ್ಲ, ಆದರೆ ಮೊಮ್ಮಕ್ಕಳಲ್ಲಿ ಎಲ್ಲರಿಗಿಂತ ಹಿರಿಯರು. ಮನಸ್ತಾಪ ಬೆಳೆದಿದ್ದ ಅಣ್ಣತಮ್ಮಂದಿರ ನಡುವೆ ಅವರನ್ನು ನಿಲ್ಲಿಸಿದ್ದನ್ನು ಜಗತ್ತೆಲ್ಲ ಗಮನಿಸಿತು. ಅಂದು ಯಾರೂ ಸೇನಾ ಸಮವಸ್ತ್ರ ತೊಡಲಿಲ್ಲ. ಸಮವಸ್ತ್ರದ ಹಕ್ಕು ಉಳಿದಿರದವರು ಎದ್ದು ಕಾಣುವುದು ಅದರಿಂದ ತಪ್ಪಿತು. ಇಂಥ ಕಡೆ ಶಿಷ್ಟಾಚಾರ ಗಾಯ ಮುಚ್ಚುವ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೇ ನನಗೆ ಈ ವಿದ್ಯೆಯ ಮೇಲೆ ಗೌರವ.

2022ರ ಸೆಪ್ಟೆಂಬರ್ 19ರಂದು ರಾಣಿಯ ಶವಪೆಟ್ಟಿಗೆಯ ಹಿಂದೆ ನಾಲ್ವರು ಮಕ್ಕಳು ಹುಟ್ಟಿದ ಕ್ರಮದಲ್ಲಿ ನಡೆದರು: ಚಾರ್ಲ್ಸ್, ಆ್ಯನ್, ಆ್ಯಂಡ್ರೂ, ಎಡ್ವರ್ಡ್. ವಾರಸುದಾರಿಕೆಯಲ್ಲಿ 16ನೆಯವರಾದ ಆ್ಯನ್ ಅಂದು ರಾಜನ ಪಕ್ಕದಲ್ಲಿದ್ದರು. ವೆಸ್ಟ್‌ಮಿನ್‌ಸ್ಟರ್ ಅಬೆಯೊಳಗೂ ಮುಂದಿನ ಸಾಲಿನಲ್ಲಿ ಚಾರ್ಲ್ಸ್, ಕಮಿಲಾ, ಅವರ ಪಕ್ಕ ಆ್ಯನ್. ಹ್ಯಾರಿ ಮತ್ತು ಅವರ ಪತ್ನಿ ಮೇಗನ್ ಎರಡನೇ ಸಾಲಿನಲ್ಲಿ, ನೇರವಾಗಿ ರಾಜನ ಹಿಂದೆ ಕುಳಿತಿದ್ದರು. ಅದು ರಾಷ್ಟ್ರದ ಸಮಾರಂಭವೂ ಹೌದು, ಒಂದು ಮನೆಯ ಸಾವೂ ಹೌದು. ಸಾವಿನ ಮನೆಯಲ್ಲಿ ಮಕ್ಕಳು ಮುಂದೆ, ಮೊಮ್ಮಕ್ಕಳು ಹಿಂದೆ. ಲೆಕ್ಕ ಸರಿಯಾಗಿಯೇ ಇತ್ತು.

ಪಟ್ಟಾಭಿಷೇಕ ಹಾಗಲ್ಲ. 2023ರ ಮೇ 6ರಂದು ನಡೆದದ್ದು ರಾಜ್ಯದ ಕೆಲಸ, ಮನೆಯ ಕೆಲಸವಲ್ಲ. ಮೊದಲ ಸಾಲಿನಲ್ಲಿ ವಿಲಿಯಂ, ಕೇಟ್, ಷಾರ್ಲೆಟ್, ಲೂಯಿ. ಜತೆಗೆ ಎಡ್ವರ್ಡ್, ಸೋಫಿ ಮತ್ತು ಅವರ ಇಬ್ಬರು ಮಕ್ಕಳು. ವಿಲಿಯಂ ಅವರ ಹಿರಿಯ ಮಗ ಜಾರ್ಜ್ ರಾಜನ ಉಡುಗೆಯ ಸೆರಗು ಹಿಡಿಯುವ ಬಾಲಕರಲ್ಲಿ ಒಬ್ಬನಾಗಿದ್ದ. ಎರಡನೇ ಸಾಲಿನಲ್ಲಿ ಆ್ಯನ್ ಮತ್ತು ಅವರ ಪತಿ, ಗ್ಲೌಸ್ಟರ್‌ನ ಡ್ಯೂಕ್ ದಂಪತಿ, ಕೆಂಟ್‌ನ ಡ್ಯೂಕ್. ಮೂರನೆಯದರಲ್ಲಿ ಆ್ಯಂಡ್ರೂ, ಅವರ ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ಹ್ಯಾರಿ, ಅವರ ಪಕ್ಕ 86 ವರ್ಷದ ಅಲೆಕ್ಸಾಂಡ್ರಾ. ಮೇಗನ್ ಕ್ಯಾಲಿಫೋರ್ನಿಯಾದಲ್ಲೇ ಉಳಿದಿದ್ದರು. ಅಂದು ಮಗ ಆರ್ಚಿಯ ಹುಟ್ಟುಹಬ್ಬ.

ಈ ಮೂರು ಸಾಲುಗಳನ್ನು ಮತ್ತೊಮ್ಮೆ ಓದಿ. ಅಂದು ಎಡ್ವರ್ಡ್ ವಾರಸುದಾರಿಕೆಯಲ್ಲಿ 13ನೆಯವರು. ಆ ಲೆಕ್ಕದಲ್ಲಿ 5ನೆಯ ಹ್ಯಾರಿ, 8ನೆಯ ಆ್ಯಂಡ್ರೂ ಇಬ್ಬರೂ ಎಡ್ವರ್ಡ್ ಅವರಿಗಿಂತ ಮುಂದೆ. ರಕ್ತಸಂಬಂಧದ ರೂಢಿಯ ಪಟ್ಟಿಯಲ್ಲೂ ಹ್ಯಾರಿ ಮುಂದೆ. ಎಡ್ವರ್ಡ್‌ರನ್ನು ಮೊದಲ ಸಾಲಿಗೆ ತಂದದ್ದು ಕೆಲಸ. ರಾಜಮನೆತನದ ಪರವಾಗಿ ಅಧಿಕೃತ ಕರ್ತವ್ಯ ನಿರ್ವಹಿಸುವವರಿಗೆ ಮುಂದಿನ ಸ್ಥಾನ ಎಂಬ ಮಾನದಂಡವನ್ನು ತಂದವರು ಎಲಿಜಬೆತ್. 2022ರ ಜೂನ್‌ನಲ್ಲಿ, ಆಳ್ವಿಕೆಯ 70ನೇ ವರ್ಷದ ಉತ್ಸವದಲ್ಲಿ, ಬಕಿಂಗ್‌ಹ್ಯಾಮ್ ಅರಮನೆಯ ಬಾಲ್ಕನಿಗೆ ಅಂಥವರಷ್ಟೇ ಬರಬೇಕು ಎಂದು ಅವರು ನಿರ್ಧರಿಸಿದರು. ಬಾಲ್ಕನಿ ದರ್ಶನದ ಮರುದಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಹ್ಯಾರಿ ದಂಪತಿಗೆ ಎರಡನೇ ಸಾಲು. 2020ರಲ್ಲಿ ಕರ್ತವ್ಯಗಳಿಂದ ಹಿಂದೆ ಸರಿದ ಮಗ, 2019ರ ಕೊನೆಯಲ್ಲಿ ಸಾರ್ವಜನಿಕ ಹೊಣೆಗಳಿಂದ ದೂರವಾದ ತಮ್ಮ, ಇಬ್ಬರಿಗೂ ಚಾರ್ಲ್ಸ್ ಅದೇ ಅಳತೆ ಹಿಡಿದರು. ಎಡ್ವರ್ಡ್ ದಶಕಗಳಿಂದ ಆ ಕೆಲಸದಲ್ಲಿರುವವರು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಅವರಿಗೆ ಎಡಿನ್‌ಬರೊ ಡ್ಯೂಕ್ ಪದವಿ ಬಂದಿತ್ತು.

ಹಾಗೆಂದು ಮೂರನೇ ಸಾಲನ್ನು ಶಿಕ್ಷೆಯ ಸಾಲು ಎಂದು ಬರೆದ ಪತ್ರಿಕೆಗಳನ್ನು ನಾನು ಒಪ್ಪುವುದಿಲ್ಲ. ದಶಕಗಳ ಕಾಲ ನಿಷ್ಠೆಯಿಂದ ದುಡಿದ ಅಲೆಕ್ಸಾಂಡ್ರಾ ಅದೇ ಸಾಲಿನಲ್ಲಿದ್ದರು. ಆ್ಯನ್ ಅವರ ಟೋಪಿಯ ಕೆಂಪು ಗರಿ ಹ್ಯಾರಿಯ ಮುಖ ಮರೆಮಾಡಿದ್ದು ಬೇಕೆಂದೇ ಮಾಡಿದ ತಂತ್ರ ಎಂಬ ಗುಲ್ಲೂ ಹುರುಳಿಲ್ಲದ್ದು. ಅಂದು ಆ್ಯನ್ ರಾಜನ ಅಂಗರಕ್ಷಣೆಯ ಗೌರವ ಹುದ್ದೆಯಲ್ಲಿದ್ದರು. ಸಮಾರಂಭ ಮುಗಿದೊಡನೆ ಕುದುರೆಯೇರಿ ರಾಜನ ಸಾರೋಟಿನ ಹಿಂದೆ ಸಾಗಬೇಕಿತ್ತು, ಆದ್ದರಿಂದ ಸಮವಸ್ತ್ರ ಮತ್ತು ಆ ಟೋಪಿ.

ಸಹಿಯೊಂದರಿಂದ ಏನೆಲ್ಲ ಬದಲಾಗಬಹುದು, ಏನು ಬದಲಾಗದು ಎಂಬುದಕ್ಕೆ 2025 ಇನ್ನೂ ಸ್ಪಷ್ಟ ಉದಾಹರಣೆ ಕೊಟ್ಟಿತು. ಅಕ್ಟೋಬರ್ 30ರಂದು ಆ್ಯಂಡ್ರೂ ಅವರ ಬಿರುದುಗಳನ್ನು ತೆಗೆಯುವ ಕ್ರಮವನ್ನು ಅರಮನೆ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ರಾಜಾಜ್ಞೆ ಹೊರಟು ಹುಟ್ಟಿನಿಂದ ಬಂದ ‘ರಾಜಕುಮಾರ’ ಎಂಬ ಪದವಿಯೂ ಹೋಯಿತು. ಅವರು ಈಗ ಬರಿಯ ಆ್ಯಂಡ್ರೂ ಮೌಂಟ್‌ಬ್ಯಾಟನ್ ವಿಂಡ್ಸರ್. ಆದರೆ ಆ ಸಹಿ ವಾರಸುದಾರಿಕೆಯನ್ನು ಮುಟ್ಟಲಿಲ್ಲ, ಎಂಟನೇ ಸ್ಥಾನ ಹಾಗೆಯೇ ಉಳಿಯಿತು. ಅದನ್ನು ತೆಗೆಯಲು ಬ್ರಿಟನ್ನಿನ ಸಂಸತ್ತು ಕಾಯ್ದೆ ಮಾಡಬೇಕು, ಅದೇ ರಾಜನನ್ನು ಒಪ್ಪಿಕೊಂಡಿರುವ ಕೆನಡಾ, ಆಸ್ಟ್ರೇಲಿಯಾ ಮೊದಲಾದ 14 ದೇಶಗಳ ಸಮ್ಮತಿಯೂ ಬೇಕು. ಸಂಸತ್ತು ಇಂಥ ವಿಷಯದಲ್ಲಿ ಎಷ್ಟು ನಾಜೂಕಾಗಿ ನಡೆಯುತ್ತದೆ ನೋಡಿ. ರಾಜನ ಗೈರುಹಾಜರಿಯಲ್ಲಿ ಅವನ ಕೆಲಸ ನಿರ್ವಹಿಸಬಲ್ಲವರ ಪಟ್ಟಿಯಲ್ಲಿ ಹ್ಯಾರಿ, ಆ್ಯಂಡ್ರೂ ಇಬ್ಬರೂ ಇದ್ದದ್ದು 2022ರಲ್ಲಿ ಮುಜುಗರ ತಂದಾಗ, ಕಾಯ್ದೆ ಅವರನ್ನು ತೆಗೆಯಲಿಲ್ಲ. ಆ್ಯನ್ ಮತ್ತು ಎಡ್ವರ್ಡ್ ಅವರನ್ನು ಸೇರಿಸಿತು, ಅಷ್ಟೇ.

ಹೊರಗಿನ ಅತಿಥಿಗಳು ಬಂದಾಗ ಬೇರೆ ಲೆಕ್ಕ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ರಾಣಿಯ ಅಂತ್ಯಕ್ರಿಯೆಯಲ್ಲಿ ಪರದೇಶದ ರಾಜ ರಾಣಿಯರು ಮುಂದಿದ್ದರು, ಅಮೆರಿಕದ ಅಧ್ಯಕ್ಷ ಜೋ ಬೈಡನ್ 14ನೇ ಸಾಲಿನಲ್ಲಿ ಪೋಲೆಂಡಿನ ಅಧ್ಯಕ್ಷರ ಹಿಂದೆ ಕುಳಿತರು. ಸಾಮ್ರಾಜ್ಯದ ದಿನಗಳಲ್ಲಿ ಇದೇ ಕಣ್ಣು ನಮ್ಮ ಅರಸರನ್ನೂ ಅಳೆಯುತ್ತಿತ್ತು. 1911ರ ಡಿಸೆಂಬರ್‌ನ ದೆಹಲಿ ದರ್ಬಾರಿನ ಹೊತ್ತಿಗೆ 21 ಕುಶಾಲು ತೋಪುಗಳ ಗೌರವ ಇದ್ದದ್ದು ಹೈದರಾಬಾದ್, ಮೈಸೂರು, ಬರೋಡ ಎಂಬ ಮೂರು ಸಂಸ್ಥಾನಗಳಿಗೆ. ಆ ದರ್ಬಾರಿನಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಐದನೇ ಜಾರ್ಜ್‌ಗೆ ಒಮ್ಮೆ ಮಾತ್ರ ಬಾಗಿ, ಬೆನ್ನು ತಿರುಗಿಸಿ ಹೊರಟದ್ದು ದೊಡ್ಡ ಗದ್ದಲವಾಯಿತು. ತೋಪುಗಳ ಸಂಖ್ಯೆಯನ್ನು ಏರಿಸುವುದೂ ಇಳಿಸುವುದೂ ಬ್ರಿಟಿಷರ ಕೈಯಲ್ಲಿತ್ತು, ಆದ್ದರಿಂದಲೇ ಅದಕ್ಕೆ ಅಂಜುವವರೂ ಇದ್ದರು. ಇಂದು ಮೈಸೂರಿನ ಯದುವೀರ ಒಡೆಯರ್ ಅವರು ದಸರೆಯ ಖಾಸಗಿ ದರ್ಬಾರಿನಲ್ಲಿ ರತ್ನಸಿಂಹಾಸನ ಏರುತ್ತಾರೆ. ಆದರೆ ಭಾರತ ಸರ್ಕಾರದ ಅಗ್ರತಾ ಪಟ್ಟಿಯಲ್ಲಿ ಅವರಿಗೆ ಸಲ್ಲುವುದು ಸಂಸದರೆಲ್ಲರಿಗೂ ಸಲ್ಲುವ 21ನೇ ಕ್ರಮಾಂಕ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ವಿಲಿಯಂ ರಾಜನಾದ ಗಳಿಗೆಯಲ್ಲಿ ಹ್ಯಾರಿ ‘ಮಗ’ನ ಗುಂಪಿನಿಂದ ‘ಸೋದರ’ನ ಗುಂಪಿಗೆ ಇಳಿಯುತ್ತಾರೆ. ಜಾರ್ಜ್ ಮತ್ತು ಲೂಯಿ ಅವರಿಗಿಂತ ಮುಂದಾಗುತ್ತಾರೆ. ಆ ಹೊತ್ತಿಗೆ ಜಾರ್ಜ್‌ಗೆ ಗಂಡುಮಕ್ಕಳಿದ್ದರೆ ಅವರೂ ಮುಂದೆ. ಎಡ್ವರ್ಡ್ ರಾಜನ ಚಿಕ್ಕಪ್ಪನಾಗಿ ಇನ್ನೂ ಒಂದು ಮೆಟ್ಟಿಲು ಕೆಳಗೆ, ಹ್ಯಾರಿಯ ಹಿಂದೆ. ಆರ್ಚಿ ರಾಜನ ಮೊಮ್ಮಗನಾಗಿದ್ದವನು ತಮ್ಮನ ಮಗನಾಗುತ್ತಾನೆ. ವಾರಸುದಾರಿಕೆಯಲ್ಲಿ ಮಾತ್ರ ಹ್ಯಾರಿ ಒಂದು ಮೆಟ್ಟಿಲು ಮೇಲೇರಿ ನಾಲ್ಕನೆಯವರಾಗುತ್ತಾರೆ, ಅಣ್ಣನ ಮಕ್ಕಳಿಗೆ ಮಕ್ಕಳಾಗುವವರೆಗೆ. ಅಂದಿನ ಪಟ್ಟಾಭಿಷೇಕದಲ್ಲಿ ಅವರಿಗೆ ಯಾವ ಸಾಲು ಎಂಬುದನ್ನು ಈ ಯಾವ ಪಟ್ಟಿಯೂ ಹೇಳಲಾರದು. ಅದನ್ನು ಹೇಳಬೇಕಾದವರು ವಿಲಿಯಂ.